ನಾಲ್ಕೂವರೆ ವಾಟಿನ ಪ್ರೊಸೆಸರು: ಅಂಕಿಗಳ ಅರ್ಥವಿಚಾರ

ಲ್ಯಾಪ್‌ಟಾಪಿನ ಪ್ರೊಸೆಸರನ್ನು ಅದರ ವಿವರಪಟ್ಟಿಯ ಅಂಕಿಗಳಿಂದ ಅಳೆಯುವುದು ವಾಡಿಕೆ. ಆ ಅಂಕಿಗಳೆಲ್ಲವೂ ಏಕಕಾಲದಲ್ಲಿ ಸಲ್ಲುವುವೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ಅಪರೂಪವಾಗಿ ಕೇಳುತ್ತೇವೆ. ಇಂಟೆಲ್ ಸಂಸ್ಥೆಯು 2014ರಲ್ಲಿ ಹೊರತಂದ ಕೋರ್ ಎಂ-5ವೈ70 ಎಂಬ ಪ್ರೊಸೆಸರನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ವಿಚಾರಮಾಡೋಣ.

ಈ ಪ್ರೊಸೆಸರು 14 ನ್ಯಾನೋಮೀಟರು ತಂತ್ರದಿಂದ ತಯಾರಾದುದು. ಸುಮಾರು 82 ಚದರ ಮಿಲಿಮೀಟರಿನ ಸಿಲಿಕಾನ್ ಬಿಲ್ಲೆಯಲ್ಲಿ ಸುಮಾರು 130 ಕೋಟಿ ಟ್ರಾನ್ಸಿಸ್ಟರುಗಳಿವೆ. ಗಣನಕೇಂದ್ರಗಳು ಎರಡು; ಕ್ಯಾಶ್ ಸ್ಮೃತಿ 4 ಮೆಗಾಬೈಟು. ಮೂಲ ಆವೃತ್ತಿ 1.1 ಗಿಗಾಹರ್ಟ್ಸ್, ಗರಿಷ್ಠ ಆವೃತ್ತಿ 2.6 ಗಿಗಾಹರ್ಟ್ಸ್. ಉಷ್ಣವಿನ್ಯಾಸದ ಪರಿಮಿತಿ 4.5 ವಾಟ್, ಅದೇ ಕಾಲದ ಸಾಮಾನ್ಯ ತೆಳು ಲ್ಯಾಪ್‌ಟಾಪುಗಳ ಪ್ರೊಸೆಸರಿಗೆ ಇದು 15 ವಾಟ್ ಇದ್ದಿತು.

ಇಷ್ಟು ಅಲ್ಪ ಸಾಮರ್ಥ್ಯದಿಂದ ಕೆಲಸ ಸಾಗುವುದು ಹೇಗೆ? ಟ್ರಾನ್ಸಿಸ್ಟರುಗಳು ಸ್ಥಿತಿ ಬದಲಿಸುವಾಗ ವ್ಯಯವಾಗುವ ಸಾಮರ್ಥ್ಯವು ಧಾರಕತೆ, ವೋಲ್ಟೇಜಿನ ವರ್ಗ ಮತ್ತು ಆವೃತ್ತಿ, ಈ ಮೂರರ ಗುಣಲಬ್ಧಕ್ಕೆ ಅನುಪಾತವಾಗಿರುತ್ತದೆ. ಆವೃತ್ತಿಯನ್ನು ಅರ್ಧಕ್ಕಿಳಿಸಿ, ಅದರಿಂದ ಸಾಧ್ಯವಾಗುವಂತೆ ವೋಲ್ಟೇಜನ್ನು 0.8 ಪಟ್ಟಿಗಿಳಿಸಿದೆವೆಂದು ಭಾವಿಸೋಣ. ಆಗ ಸಾಮರ್ಥ್ಯವು 0.5 × 0.64, ಅಂದರೆ 0.32 ಪಟ್ಟಾಗುತ್ತದೆ. ಕೆಲಸಕ್ಕೆ ಎರಡರಷ್ಟು ಕಾಲ ಹಿಡಿದರೂ ಒಟ್ಟು ಶಕ್ತಿಯ ವ್ಯಯ 0.64 ಪಟ್ಟು ಮಾತ್ರ. ಆದರೆ ಟ್ರಾನ್ಸಿಸ್ಟರುಗಳು ಕೆಲಸವಿಲ್ಲದಿರುವಾಗಲೂ ಅಲ್ಪಸ್ವಲ್ಪ ವಿದ್ಯುತ್ತು ಸೋರುತ್ತಲೇ ಇರುತ್ತದೆ. ಆದಕಾರಣ ಆವೃತ್ತಿಯನ್ನು ಮಿತಿಮೀರಿ ತಗ್ಗಿಸುವುದೂ ಲಾಭಕರವಲ್ಲ. ಕೆಲವು ಕೆಲಸಗಳನ್ನು ಬೇಗನೆ ಮುಗಿಸಿ ಪ್ರೊಸೆಸರನ್ನು ವಿಶ್ರಾಂತಿಸ್ಥಿತಿಗೆ ಕಳುಹಿಸುವುದೇ ಮೇಲು.

ಇದರಿಂದ ಒಂದು ಮುಖ್ಯ ಸಂಗತಿ ಹೊರಪಡುತ್ತದೆ. 4.5 ವಾಟ್ ಎಂಬುದು ಮೂಲ ಆವೃತ್ತಿಗೆ ಸಂಬಂಧಿಸಿದ ಅಂಕಿ. ಎರಡೂ ಕೇಂದ್ರಗಳು ಪೂರ್ಣಭಾರದಲ್ಲಿ ದುಡಿಯುವಾಗ ಗರಿಷ್ಠ ಆವೃತ್ತಿಯನ್ನೂ ಈ ಪರಿಮಿತಿಯನ್ನೂ ದೀರ್ಘಕಾಲ ಒಟ್ಟಿಗೆ ಕಾಪಾಡಲಾಗದು. ಯಂತ್ರವು ತಣ್ಣಗಿರುವಾಗ ಪ್ರೊಸೆಸರು ಪರಿಮಿತಿಯನ್ನು ಸ್ವಲ್ಪಕಾಲ ಮೀರಿ ವೇಗವಾಗಿ ನಡೆಯುತ್ತದೆ. ಉಷ್ಣವು ಸಂಚಯವಾದಂತೆ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಪುಟವೊಂದನ್ನು ತೆರೆಯುವಂಥ ಕ್ಷಣಿಕ ಕಾರ್ಯಗಳಲ್ಲಿ ಅದು ಚುರುಕಾಗಿ ತೋರುವುದಕ್ಕೂ, ದೀರ್ಘವಾದ ಗಣನೆಯಲ್ಲಿ ಹಿಂದೆ ಬೀಳುವುದಕ್ಕೂ ಕಾರಣವಿದೇ.

ಹೀಗಿರಲು ಯಂತ್ರದ ಕವಚವೂ ಫಲಿತಾಂಶದಲ್ಲಿ ಪಾಲುಗೊಳ್ಳುತ್ತದೆ. ಈ ಕೋರ್ ಎಂ ಕುಟುಂಬದ ಪ್ರೊಸೆಸರನ್ನೇ ಆಪಲ್ ಸಂಸ್ಥೆಯು 2015ರ ಹನ್ನೆರಡು ಅಂಗುಲದ ಮ್ಯಾಕ್‌ಬುಕ್ಕಿನಲ್ಲಿ ಫ್ಯಾನಿಲ್ಲದೆ ಅಳವಡಿಸಿತು. ಲೆನೊವೊ ಸಂಸ್ಥೆಯು 2014ರ ಯೋಗಾ 3 ಪ್ರೊ ಯಂತ್ರದಲ್ಲಿ ಫ್ಯಾನನ್ನು ಇರಿಸಿತು. ಉಷ್ಣವನ್ನು ಹೊರಚೆಲ್ಲುವ ಮಾರ್ಗ ಬೇರೆಯಾದಾಗ, ಒಂದೇ ಪ್ರೊಸೆಸರಿನ ದೀರ್ಘಕಾಲದ ವೇಗವೂ ಬೇರೆಯಾಗಬಹುದು.

ಪ್ರಯೋಗಶಾಲೆಗೆ ಇಂಥ ಯಂತ್ರಗಳನ್ನು ಆರಿಸುವ ಅಧ್ಯಾಪಕರೂ ಅದರಲ್ಲಿ ಗಣನೆ ನಡೆಸುವ ವಿದ್ಯಾರ್ಥಿಗಳೂ ಈ ವಿಚಾರವನ್ನು ಗಮನಿಸಬೇಕು. ಒಂದು ನಿಮಿಷದ ಪರೀಕ್ಷೆಯಿಂದ ಒಂದು ಗಂಟೆಯ ಗಣನೆಯ ಅವಧಿಯನ್ನು ಊಹಿಸುವುದು ಸರಿಯಲ್ಲ. ಅದೇ ಗಣನೆಯನ್ನು ಎಡೆಬಿಡದೆ ಪುನರಾವರ್ತಿಸಿ, ಪ್ರತಿಯೊಂದು ಆವರ್ತನೆಗೆ ಹಿಡಿದ ಕಾಲವನ್ನು ಗುರುತಿಸಬೇಕು. ಆ ಕಾಲವು ಹೆಚ್ಚುತ್ತ ಹೋಗಿ ಎಲ್ಲಿ ಸ್ಥಿರಗೊಳ್ಳುವುದೋ ಅಲ್ಲಿ ದೊರೆಯುವ ವೇಗವನ್ನೇ ಆ ಯಂತ್ರದ ನಿಜವಾದ ವೇಗವೆಂದು ಗ್ರಹಿಸಬೇಕು. ಕೊಠಡಿಯ ಉಷ್ಣತೆಯನ್ನೂ ಜೊತೆಯಲ್ಲಿ ದಾಖಲಿಸಬೇಕು.