ಹೆಸರು ಒಡೆಯನದು, ನಂಬರು ಒಡಲಿನದು

1989ರಲ್ಲಿ ಇಟಲಿಯ ಜಿನೋವಾ ಬಂದರಿಗೆ ಒಂದು ಹಳೆಯ ಹಡಗನ್ನು ಟಗ್ ದೋಣಿಗೆ ಕಟ್ಟಿ ಎಳೆದು ತಂದರು. ಕಾಗದಪತ್ರದಲ್ಲಿ ಅದರ ಹೆಸರು ‘ಫ್ರಿಟ್ಯೋಫ್ ನಾನ್ಸೆನ್’. ಜಿನೋವಾದ ಜನ ಆ ಹೆಸರಿಗೆ ಕಿವಿಗೊಡಲಿಲ್ಲ. ಅಲ್ಲಿನ ಪತ್ರಿಕೆಗಳು ಅದನ್ನು ‘ಸಾವಿನ ಹಡಗು’ ಎಂದೇ ಕರೆದವು. 33 ವರ್ಷಗಳ ಹಿಂದೆ, ಬೇರೆ ಹೆಸರು ಹೊತ್ತಿದ್ದಾಗ, ಇದೇ ಹಡಗು ಜಿನೋವಾದ ಕಣ್ಮಣಿಯಾಗಿದ್ದ ‘ಆಂಡ್ರಿಯಾ ಡೋರಿಯಾ’ವನ್ನು ಗೂಳಿಯಂತೆ ಹಾಯ್ದು ಮುಳುಗಿಸಿತ್ತು. ಈಗ ಅದೇ ಊರಿನಲ್ಲಿ ಅದನ್ನು ರಿಪೇರಿ ಮಾಡಿ ‘ಇಟಾಲಿಯಾ’ ಎಂದು ಹೆಸರಿಡುವ ಸಿದ್ಧತೆ ನಡೆದಿತ್ತು.

ನಮ್ಮಲ್ಲಿ ಖಾಸಗಿ ಬಸ್ಸೊಂದು ಕೈ ಬದಲಿಸಿದರೆ ಹಣೆಯ ಮೇಲಿನ ಹೆಸರು, ಮೈಬಣ್ಣ, ಓಡುವ ರೂಟು ಎಲ್ಲವೂ ಬದಲಾಗುತ್ತವೆ. ಚಾಸಿ ನಂಬರು ಮಾತ್ರ ಹಾಗೇ ಉಳಿಯುತ್ತದೆ. ಪ್ರವಾಸಿ ಹಡಗುಗಳದ್ದೂ ಹೀಗೆಯೇ. ಒಂದು ಹಡಗು ಮೂವತ್ತು ನಲವತ್ತು ವರ್ಷ ಬಾಳಿದರೆ ಮೂರು ನಾಲ್ಕು ಒಡೆಯರನ್ನು ಕಾಣುವುದು ಸಾಮಾನ್ಯ. ಈ ಹಡಗು ಬಾಳಿದ್ದು ಎಪ್ಪತ್ತಕ್ಕೂ ಹೆಚ್ಚು ವರ್ಷ, ಹೊತ್ತದ್ದು ಹತ್ತಕ್ಕೂ ಹೆಚ್ಚು ಹೆಸರು. ಅಷ್ಟು ಹೆಸರುಗಳ ನಡುವೆ ಅದನ್ನು ಗುರುತಿಸುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಗೋಥೆನ್‌ಬರ್ಗ್‌ನ ಬಿಳಿ ಹಡಗು

ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. 1944ರಲ್ಲಿ ಸ್ವೀಡಿಷ್ ಅಮೆರಿಕನ್ ಲೈನ್ ಎಂಬ ಕಂಪನಿ ಗೋಥೆನ್‌ಬರ್ಗ್‌ನ ಗೋಟಾವೆರ್ಕನ್ ಹಡಗುಕಟ್ಟೆಗೆ ಹೊಸ ಹಡಗೊಂದನ್ನು ಕಟ್ಟಲು ಹೇಳಿತು. 1946ರ ಸೆಪ್ಟೆಂಬರ್ 9ರಂದು ಅದು ನೀರಿಗಿಳಿಯಿತು. 1948ರ ಫೆಬ್ರವರಿ 21ರಂದು ‘ಸ್ಟಾಕ್‌ಹೋಮ್’ ಎಂಬ ಹೆಸರಿನಲ್ಲಿ ನ್ಯೂಯಾರ್ಕಿನತ್ತ ಮೊದಲ ಪಯಣ ಹೊರಟಿತು. ಉದ್ದ 160 ಮೀಟರ್. ಅಲ್ಲಿಯವರೆಗೆ ಸ್ವೀಡನ್‌ನಲ್ಲಿ ಕಟ್ಟಿದ ಪ್ರಯಾಣಿಕ ಹಡಗುಗಳಲ್ಲಿ ಅದೇ ದೊಡ್ಡದು. ಆದರೆ ಅಟ್ಲಾಂಟಿಕ್ ದಾಟುವ ಭಾರಿ ಹಡಗುಗಳ ಪಕ್ಕದಲ್ಲಿ ಅದು ಮರಿಯಂತೆ ಕಾಣುತ್ತಿತ್ತು. ಒಂದು ಗುಣ ಮಾತ್ರ ಅದಕ್ಕೆ ವಿಶೇಷ. ಉತ್ತರದ ಕಡಲಿನಲ್ಲಿ ಹಿಮದ ಹಲಗೆಗಳನ್ನು ಸೀಳಿ ಸಾಗಬೇಕಾದ್ದರಿಂದ ಅದರ ಮೂತಿಗೆ ಹೆಚ್ಚಿನ ಉಕ್ಕು ಕೊಟ್ಟು ಗಟ್ಟಿ ಮಾಡಿದ್ದರು.

ಇಬ್ಬರೂ ದೂರ ಸರಿಯಲು ಹೊರಟರು

1956ರ ಜುಲೈ 25ರ ರಾತ್ರಿ. ಅಮೆರಿಕದ ನಾನ್‌ಟಕೆಟ್ ದ್ವೀಪದ ಆಚೆ ದಟ್ಟ ಮಂಜು. ಪೂರ್ವದಿಂದ ಇಟಲಿಯ ಆಂಡ್ರಿಯಾ ಡೋರಿಯಾ ನ್ಯೂಯಾರ್ಕಿಗೆ ಬರುತ್ತಿತ್ತು. ಅದರಲ್ಲಿದ್ದವರು 1,706 ಮಂದಿ. ಅಂದು ಬೆಳಿಗ್ಗೆ ನ್ಯೂಯಾರ್ಕ್ ಬಿಟ್ಟ ಸ್ಟಾಕ್‌ಹೋಮ್ ಎದುರಿನಿಂದ ಬರುತ್ತಿತ್ತು. ಎರಡೂ ಹಡಗುಗಳಲ್ಲಿ ರೇಡಾರ್ ಇತ್ತು. ಎರಡೂ ಒಂದನ್ನೊಂದು ರೇಡಾರಿನಲ್ಲಿ ಕಂಡಿದ್ದವು.

ಕಂಡ ಮೇಲೂ ಡಿಕ್ಕಿಯಾದದ್ದು ಹೇಗೆ? ಎದುರುಬದುರಾದ ಹಡಗುಗಳು ತಂತಮ್ಮ ಬಲಕ್ಕೆ ಸರಿದು, ಎಡಮಗ್ಗುಲಿಗೆ ಎಡಮಗ್ಗುಲಾಗಿ ಹಾದುಹೋಗುವುದು ಕಡಲಿನ ರೂಢಿ. ಡೋರಿಯಾದ ಕ್ಯಾಪ್ಟನ್ ಪಿಯೆರೋ ಕಲಾಮಾಯ್‌ಗೆ ಎದುರಿನ ಹಡಗು ತುಸು ಬಲಕ್ಕಿರುವಂತೆ ಕಂಡಿತು. ಹಾಗಿದ್ದರೆ ಬಲಮಗ್ಗುಲಿಂದಲೇ ಹಾಯಿಸಿಬಿಡೋಣ ಎಂದು ಅವರು ಅಂತರ ಹೆಚ್ಚಿಸಲು ಎಡಕ್ಕೆ ತಿರುಗಿಸಿದರು. ಸ್ಟಾಕ್‌ಹೋಮ್‌ನ ಕಾವಲಿನಲ್ಲಿದ್ದವರು 26ರ ಹರೆಯದ ಮೂರನೇ ಅಧಿಕಾರಿ ಯೋಹಾನ್ ಎರ್ನ್‌ಸ್ಟ್ ಕಾರ್ಸ್ಟೆನ್ಸ್-ಯೋಹಾನ್ಸೆನ್. ಅವರಿಗೆ ಎದುರಿನ ಹಡಗು ಎಡಕ್ಕಿರುವಂತೆ ಕಂಡಿತು. ರೂಢಿಯಂತೆ ಅವರು ಬಲಕ್ಕೆ ತಿರುಗಿಸಿದರು. ದೂರ ಸರಿಯುತ್ತಿದ್ದೇವೆ ಎಂದುಕೊಂಡೇ ಇಬ್ಬರೂ ಒಂದೇ ಬಿಂದುವಿನತ್ತ ಬರುತ್ತಿದ್ದರು.

ರೇಡಾರಿನ ಪರದೆ ಆಗ ಚುಕ್ಕೆಯನ್ನಷ್ಟೇ ತೋರಿಸುತ್ತಿತ್ತು. ಆ ಚುಕ್ಕೆ ಎತ್ತ ಸಾಗುತ್ತಿದೆ ಎಂಬುದನ್ನು ಕೆಲವು ನಿಮಿಷಕ್ಕೊಮ್ಮೆ ಗುರುತು ಹಾಕಿ, ಗೆರೆ ಎಳೆದು, ಕೈಯಾರೆ ಲೆಕ್ಕ ಹಾಕಬೇಕಿತ್ತು. ಡೋರಿಯಾದಲ್ಲಿ ಆ ಲೆಕ್ಕ ನಡೆಯಲಿಲ್ಲ. ಸ್ಟಾಕ್‌ಹೋಮ್‌ನಲ್ಲಿ ರೇಡಾರಿನ ದೂರದ ಅಳತೆಯನ್ನೇ ತಪ್ಪಾಗಿ ಓದಿರಬೇಕು ಎಂದು ಮುಂದೆ ಕೆಲವು ತಜ್ಞರು ವಾದಿಸಿದರು. ಮಂಜಿದ್ದರೂ ಡೋರಿಯಾ ಹೆಚ್ಚೇನೂ ವೇಗ ಇಳಿಸಿರಲಿಲ್ಲ. ಎರಡೂ ಹಡಗುಗಳ ವೇಗ ಕೂಡಿಸಿದರೆ ಗಂಟೆಗೆ 70 ಕಿ.ಮೀ. ದಾಟುತ್ತಿತ್ತು. ಮಂಜಿನೊಳಗಿಂದ ದೀಪಗಳು ಕಾಣಿಸುವ ಹೊತ್ತಿಗೆ ಕೈ ಮೀರಿತ್ತು. ರಾತ್ರಿ 11.10ರ ಸುಮಾರಿಗೆ, ಹಿಮ ಸೀಳಲೆಂದು ಗಟ್ಟಿ ಮಾಡಿದ್ದ ಆ ಮೂತಿ ಡೋರಿಯಾದ ಬಲಪಕ್ಕೆಯೊಳಗೆ ನುಗ್ಗಿತು.

ಡೋರಿಯಾದ ಕ್ಯಾಬಿನ್ನಿನಲ್ಲಿ 14 ವರ್ಷದ ಹುಡುಗಿಯೊಬ್ಬಳು ಮಲಗಿದ್ದಳು. ಸ್ಟಾಕ್‌ಹೋಮ್‌ನ ಮೂತಿ ಅವಳನ್ನು ಹಾಸಿಗೆಯಿಂದಲೇ ಬಾಚಿಕೊಂಡು ಹಿಂದೆ ಸರಿಯಿತು. ನಜ್ಜುಗುಜ್ಜಾದ ಉಕ್ಕಿನ ನಡುವೆ ಅವಳು ಕಣ್ಣು ಬಿಟ್ಟು, ಸ್ಪ್ಯಾನಿಷ್ ಭಾಷೆಯಲ್ಲಿ ಅಮ್ಮನನ್ನು ಕೇಳಿದಳು. ಆ ಭಾಷೆ ಬಲ್ಲ ನಾವಿಕನೊಬ್ಬ ಅವಳನ್ನು ಹೊರತಂದ. ಪ್ರಯಾಣಿಕರ ಪಟ್ಟಿ ತೆಗೆದು ನೋಡಿದರೆ ಸ್ಟಾಕ್‌ಹೋಮ್‌ನಲ್ಲಿ ಅಂಥ ಹೆಸರೇ ಇಲ್ಲ! ಅವಳ ಪಕ್ಕದ ಹಾಸಿಗೆಯಲ್ಲಿದ್ದ ತಂಗಿ ಉಳಿಯಲಿಲ್ಲ.

ಡೋರಿಯಾ ಬಲಕ್ಕೆ ಎಷ್ಟು ವಾಲಿತೆಂದರೆ ಎಡಪಕ್ಕೆಯ ಜೀವರಕ್ಷಕ ದೋಣಿಗಳನ್ನು ಇಳಿಸಲಾಗಲಿಲ್ಲ. ಆದರೂ ಅದು ಹನ್ನೊಂದು ಗಂಟೆ ತೇಲಿತು. ಫ್ರಾನ್ಸಿನ ‘ಈಲ್ ದ ಫ್ರಾನ್ಸ್’ ಹಡಗು ಅರ್ಧದಾರಿಯಿಂದ ಹಿಂತಿರುಗಿ ಬಂತು. ಮೂತಿ ಕಳೆದುಕೊಂಡ ಸ್ಟಾಕ್‌ಹೋಮ್ ಕೂಡ ನೂರಾರು ಜನರನ್ನು ಹತ್ತಿಸಿಕೊಂಡಿತು. ಸತ್ತವರು 51. ಅವರಲ್ಲಿ ಐವರು ಸ್ಟಾಕ್‌ಹೋಮ್‌ನ ಸಿಬ್ಬಂದಿ. ಮರುದಿನ ಬೆಳಿಗ್ಗೆ 10.09ಕ್ಕೆ ಡೋರಿಯಾ ಮುಳುಗಿತು. ಕಂಪನಿಗಳು ನ್ಯಾಯಾಲಯದ ಹೊರಗೇ ರಾಜಿ ಮಾಡಿಕೊಂಡವು. ಹಾಗಾಗಿ ತಪ್ಪು ಯಾರದೆಂದು ತೀರ್ಪು ಬರಲೇ ಇಲ್ಲ. ಸ್ಟಾಕ್‌ಹೋಮ್‌ಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹೊಸ ಮೂತಿ ಕೂರಿಸಿದರು. ಅದೇ ವರ್ಷ ಅದು ಮತ್ತೆ ಕಡಲಿಗಿಳಿಯಿತು.

ಗೆಳೆತನದ ಹೆಸರು

1960ರ ಜನವರಿಯಲ್ಲಿ ಹಡಗು ಪೂರ್ವ ಜರ್ಮನಿಯ ಕೈ ಸೇರಿತು. ಕಾರ್ಮಿಕ ಸಂಘಗಳ ಒಕ್ಕೂಟಕ್ಕೆ ಒಂದು ವಿಹಾರದ ಹಡಗು ಬೇಕಿತ್ತು. ಚೆನ್ನಾಗಿ ದುಡಿದವರಿಗೆ ಬಹುಮಾನವಾಗಿ ಕಡಲಯಾನ ಎಂಬುದು ಅದರ ಯೋಜನೆ. ಹೊಸ ಹೆಸರು ‘ಫೋಲ್ಕರ್‌ಫ್ರಾಯಿಂಡ್‌ಶಾಫ್ಟ್’, ಅಂದರೆ ಜನಜನಗಳ ಗೆಳೆತನ. ಜರ್ಮನರು ಇದನ್ನು ರೋಮನ್ ಲಿಪಿಯ ‘ವಿ’ ಅಕ್ಷರದಿಂದ ಬರೆಯುತ್ತಾರೆ, ‘ಫ’ ಎಂದು ಉಚ್ಚರಿಸುತ್ತಾರೆ. ಈ ‘ವಿ’ ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಹೆಸರಿನಲ್ಲಿ ಗೆಳೆತನವಿದ್ದರೂ ಪ್ರಯಾಣಿಕರಿಗೆ ಪಶ್ಚಿಮದ ಬಂದರುಗಳಲ್ಲಿ ಕಾಲಿಡುವ ಸ್ವಾತಂತ್ರ್ಯ ಇರಲಿಲ್ಲ. ದಡ ಹತ್ತಿರವಾದಾಗ ನೀರಿಗೆ ಹಾರಿ ದೇಶ ಬಿಟ್ಟವರೂ ಉಂಟು. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಜಗತ್ತನ್ನೇ ತುದಿಗಾಲಲ್ಲಿ ನಿಲ್ಲಿಸಿದ್ದಾಗ ಈ ಹಡಗು ಕ್ಯೂಬಾದತ್ತ ಹೊರಟಿತ್ತು. ಅಮೆರಿಕದ ನೌಕಾಪಡೆ ಕಡಲಿನಲ್ಲಿ ದಿಗ್ಬಂಧನದ ಗೆರೆ ಎಳೆದಿತ್ತು. ಪ್ರವಾಸಿಗಳು ತುಂಬಿದ ಹಡಗನ್ನು ತಡೆದರೆ ಏನಾದೀತೋ ಎಂದು ಯೋಚಿಸಿದ ಅಧ್ಯಕ್ಷ ಕೆನಡಿ ಅದನ್ನು ಹೋಗಗೊಟ್ಟರು.

ಇಪ್ಪತ್ತೈದು ವರ್ಷ ಅದು ಈ ಹೆಸರಿನಲ್ಲೇ ಓಡಿತು. ಉಳಿದ ಯಾವ ಹೆಸರೂ ಇಷ್ಟು ದಿನ ಬಾಳಲಿಲ್ಲ. 1985ರಲ್ಲಿ ಪೂರ್ವ ಜರ್ಮನಿ ಹೆಚ್ಚು ಹೊಸದಾದ ‘ಆರ್ಕೋನಾ’ವನ್ನು ಕೊಂಡು ಇದನ್ನು ಪನಾಮಾದ ಕಂಪನಿಯೊಂದಕ್ಕೆ ಮಾರಿತು. ಉದ್ದನೆಯ ಹೆಸರಿನಿಂದ ‘ಗೆಳೆತನ’ವನ್ನು ಕತ್ತರಿಸಿ ‘ಫೋಲ್ಕರ್’ ಎಂಬ ಮೋಟು ಹೆಸರನ್ನು ಉಳಿಸಿಕೊಂಡರು.

ನಿರಾಶ್ರಿತರ ಛತ್ರ

ಸ್ವಲ್ಪ ಕಾಲ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಸುಮ್ಮನೆ ನಿಂತಿದ್ದ ಹಡಗು 1986ರ ಕೊನೆಗೆ ನಾರ್ವೆಯ ಓಸ್ಲೋ ಸೇರಿತು. ಅಲ್ಲಿ ಅದು ಪಯಣ ಮಾಡಲಿಲ್ಲ. ಆಶ್ರಯ ಕೇಳಿ ಬಂದ ಪರದೇಶಿಗರಿಗೆ ತಂಗುಮನೆಯಾಯಿತು. ‘ಫ್ರಿಟ್ಯೋಫ್ ನಾನ್ಸೆನ್’ ಎಂಬ ಹೆಸರು ಬಂದದ್ದು ಆಗ. ನಾನ್ಸೆನ್ ಧ್ರುವಪ್ರದೇಶದ ಸಾಹಸಿ ಅನ್ವೇಷಕ, ರಾಷ್ಟ್ರಸಂಘದ ಮೊದಲ ನಿರಾಶ್ರಿತರ ಆಯುಕ್ತ, 1922ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ದೇಶ ಕಳೆದುಕೊಂಡವರಿಗೆ ಅವರು ಕೊಡಿಸಿದ ಗುರುತುಪತ್ರವನ್ನು ‘ನಾನ್ಸೆನ್ ಪಾಸ್‌ಪೋರ್ಟ್’ ಎಂದೇ ಕರೆಯುತ್ತಿದ್ದರು. ಈ ಹಡಗಿಗೆ ಮಾಡುವ ಕೆಲಸಕ್ಕೆ ಒಪ್ಪುವ ಹೆಸರು ಸಿಕ್ಕಿದ್ದು ಇದೊಂದೇ ಸಲ.

ಉಳಿದದ್ದು ಒಡಲು ಮಾತ್ರ

ಮೊದಲಲ್ಲಿ ಹೇಳಿದ ಜಿನೋವಾ ಪ್ರಸಂಗ ಇದರ ಮುಂದಿನದು. ಸ್ಟಾರ್‌ಲೌರೋ ಕಂಪನಿ ಕೊಂಡ ಹಡಗನ್ನು ಒಡಲೊಂದನ್ನು ಬಿಟ್ಟು ಪೂರ್ತಿ ಬಿಚ್ಚಿಹಾಕಿದರು. ಹಳೆಯ ಎಂಜಿನ್ ತೆಗೆದು ಹೊಸ ಡೀಸೆಲ್ ಎಂಜಿನ್ ಕೂರಿಸಿದರು. ಮೇಲಿನ ಅಂತಸ್ತುಗಳನ್ನು ಹೊಸದಾಗಿ ಕಟ್ಟಿದರು. ಹಿಂಭಾಗಕ್ಕೆ ಬಾತುಕೋಳಿಯ ಬಾಲದಂಥ ಚಾಚನ್ನು ಬೆಸೆದರು. 1994ರಲ್ಲಿ ‘ಇಟಾಲಿಯಾ ಪ್ರಿಮಾ’ ಹೊರಬಂದಾಗ ಗೋಥೆನ್‌ಬರ್ಗ್‌ನವರು ನೋಡಿದ್ದರೂ ಗುರುತು ಹಿಡಿಯುತ್ತಿರಲಿಲ್ಲ. ಮೂತಿ ಅಮೆರಿಕದ್ದು, ಮೇಲ್ಭಾಗ ಇಟಲಿಯದ್ದು, ನಡುವಿನ ಒಡಲು ಮಾತ್ರ 1946ರ ಸ್ವೀಡನ್ನಿನದು.

ಆಮೇಲಿನ ಕಥೆ ಓಟದ ಮೇಲೆ ಓಟ. 1998ರಲ್ಲಿ ವಾಲ್ಟುರ್ ಎಂಬ ಇಟಲಿಯ ಪ್ರವಾಸ ಕಂಪನಿಗೆ ಬಾಡಿಗೆ ಹೋಗಿ ‘ವಾಲ್ಟುರ್ ಪ್ರಿಮಾ’ ಆಯಿತು. 2001ರಲ್ಲಿ ಪ್ರವಾಸೋದ್ಯಮ ಕುಸಿದಾಗ ಹವಾನಾದಲ್ಲಿ ಲಂಗರು ಹಾಕಿತು. 2002ರಲ್ಲಿ ಇನ್ನೊಂದು ಕಂಪನಿಯ ಕೈಯಲ್ಲಿ ‘ಕರೀಬೆ’. ಆ ಕಂಪನಿ 2004ರಲ್ಲಿ ದಿವಾಳಿ. 2005ರಲ್ಲಿ ಪೋರ್ಚುಗಲ್ಲಿನ ಕಂಪನಿಯ ಕೈಯಲ್ಲಿ ‘ಅಥೀನಾ’. 2008ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ದೋಣಿಗಳು ಮುತ್ತಿದಾಗ ಸಿಬ್ಬಂದಿ ನೀರಿನ ಪಿಚಕಾರಿ ಹೊಡೆದು ಓಡಿಸಿದ್ದು ಈ ಹೆಸರಿನ ಕಾಲದಲ್ಲೇ. 2013ರಲ್ಲಿ ‘ಅಜೋರ್ಸ್’. 2016ರಲ್ಲಿ ಕ್ರೂಸ್ ಅಂಡ್ ಮ್ಯಾರಿಟೈಮ್ ವಾಯೇಜಸ್ ಕಂಪನಿಯಲ್ಲಿ ‘ಆಸ್ಟೋರಿಯಾ’. ಅದೇ ಕೊನೆಯ ಹೆಸರು.

ಹೆಸರು ಯಾಕೆ ಬದಲಿಸುತ್ತಾರೆ?

ಹೆಸರು ಬದಲಿಸಿದರೆ ಹಡಗಿಗೆ ಕೇಡು ಎಂಬುದು ನಾವಿಕರ ಹಳೆಯ ನಂಬಿಕೆ. ಒಡೆಯರ ಲೆಕ್ಕವೇ ಬೇರೆ. ವಾಲ್ಟುರ್‌ನಂತೆ ಕೆಲವರಿಗೆ ಹಡಗೇ ಜಾಹೀರಾತಿನ ಹಲಗೆ. ಕೆಲವರಿಗೆ ಹಳೆಯ ಅಪಘಾತದ ನೆನಪು ಅಳಿಸಬೇಕು. ಹೆಸರಿನ ಜೊತೆಗೆ ಧ್ವಜವೂ ಬದಲಾಗುವುದುಂಟು. ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಧ್ವಜ, ಕಾನೂನು, ತೆರಿಗೆ ಅದಕ್ಕೆ ಅನ್ವಯಿಸುತ್ತವೆ. ಹಾಗಾಗಿ ಅಗ್ಗದ ನೋಂದಣಿ ಹುಡುಕಿಕೊಂಡು ಪನಾಮಾದಂಥ ದೇಶಗಳಿಗೆ ಹೋಗುವುದು ಮಾಮೂಲು.

ಹೆಸರು ಬದಲಿಸಿದರೆ ಸಾಲ ಹರಿಯುವುದಿಲ್ಲ. ಕಡಲಿನ ಕಾನೂನಿನಲ್ಲಿ ಹಡಗನ್ನೇ ಬಂಧಿಸಬಹುದು. ಎಣ್ಣೆಯ ಬಾಕಿ, ಬಂದರಿನ ಬಾಡಿಗೆ, ನಾವಿಕರ ಸಂಬಳ ನಿಂತರೆ ನ್ಯಾಯಾಲಯ ಒಡೆಯನ ಬದಲು ಹಡಗನ್ನು ಹಿಡಿದಿಡುತ್ತದೆ. 2012ರಲ್ಲಿ ಅಥೀನಾವನ್ನು ಫ್ರಾನ್ಸಿನ ಮಾರ್ಸೇಯಲ್ಲಿ ಹೀಗೆ ತಡೆದಿದ್ದರು. ಹೊಸ ನಿಯಮಗಳಿಂದಲೂ ಹೊಸ ಹೆಸರು ಕಾಪಾಡದು. 2010ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಅಗ್ನಿಸುರಕ್ಷಾ ನಿಯಮಗಳು ಹೊತ್ತಿ ಉರಿಯುವ ಮರಮುಟ್ಟಿನ ಒಳಾಂಗಣವಿದ್ದ ಹಳೆಯ ಹಡಗುಗಳಿಗೆ ಬಾಗಿಲು ಮುಚ್ಚಿದವು. ಇದರ ಓರಗೆಯ ಹಲವು ಹಡಗುಗಳು ಆಗ ಗುಜರಿಗೆ ಹೋದವು. ಜಿನೋವಾದಲ್ಲಿ ಒಳಗೆಲ್ಲ ಹೊಸದು ಮಾಡಿಸಿಕೊಂಡಿದ್ದ ಇದು ಉಳಿಯಿತು.

ಏಳು ಅಂಕಿಯಲ್ಲಿ ಒಂದು ಅಕ್ಷರ

2020ರ ಕೊರೊನಾ ಆಸ್ಟೋರಿಯಾವನ್ನು ನಿಲ್ಲಿಸಿತು. ಕಂಪನಿ ಜುಲೈನಲ್ಲಿ ಮುಳುಗಿತು. ಅದೇ ಕಂಪನಿಯಲ್ಲಿದ್ದ ‘ಮಾರ್ಕೋ ಪೋಲೋ’ ಹುಟ್ಟಿನಲ್ಲಿ ಸೋವಿಯತ್ ದೇಶದ ‘ಅಲೆಕ್ಸಾಂಡರ್ ಪುಷ್ಕಿನ್’. ಅದು 2021ರ ಜನವರಿಯಲ್ಲಿ ಗುಜರಾತಿನ ಅಲಂಗ್ ದಡ ಹತ್ತಿ ಗುಜರಿಯಾಯಿತು. ಆಸ್ಟೋರಿಯಾ ರೋಟರ್‌ಡ್ಯಾಮ್‌ನಲ್ಲಿ ತುಕ್ಕು ಹಿಡಿಯುತ್ತ ಕೂತಿತು. ಯುರೋಪಿನ ಧ್ವಜದ ಹಡಗನ್ನು ಯುರೋಪಿನ ಪಟ್ಟಿಯಲ್ಲಿರುವ ಗುಜರಿ ಕಟ್ಟೆಯಲ್ಲೇ ಒಡೆಯಬೇಕೆಂಬ ನಿಯಮ ಅಷ್ಟರಲ್ಲಿ ಬಂದಿತ್ತು. ಹರಾಜಿನ ಮೇಲೆ ಹರಾಜಾಗಿ, 2025ರ ಜುಲೈನಲ್ಲಿ ಅದನ್ನು ಬೆಲ್ಜಿಯಮ್ಮಿನ ಗೆಂಟ್‌ಗೆ ಎಳೆದೊಯ್ದರು.

ಅಲ್ಲಿಗೆ ಹೋದದ್ದು ಯಾವ ಹಡಗು? ಕಾನೂನಿನ ಉತ್ತರ ಒಂದು ಸಂಖ್ಯೆ: 5383304. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಈ ಗುರುತು ಸಂಖ್ಯೆಯನ್ನು 1996ರಿಂದ ದೊಡ್ಡ ಹಡಗುಗಳಿಗೆ ಕಡ್ಡಾಯ ಮಾಡಿದ್ದಾರೆ. ಅದು ಒಡಲಿಗೆ ಅಂಟಿದ್ದು. ಒಡೆಯ, ಧ್ವಜ, ಹೆಸರು ಏನೇ ಬದಲಾದರೂ ಅದು ಬದಲಾಗದು. ಒಡೆದು ಹಾಕಿದ ಮೇಲೂ ಇನ್ನೊಂದು ಹಡಗಿಗೆ ಅದನ್ನು ಕೊಡುವುದಿಲ್ಲ. ಸಂಖ್ಯೆ ಸರಿಯಿದೆಯೇ ಎಂದು ನೀವೇ ಪರೀಕ್ಷಿಸಬಹುದು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ. 35, 18, 40, 12, 9, 0 ಬರುತ್ತವೆ. ಒಟ್ಟು 114. ಅದರ ಕೊನೆಯ ಅಂಕಿ 4. ಸಂಖ್ಯೆಯ ಏಳನೆಯ ಅಂಕಿಯೂ 4.

ಇದರಲ್ಲಿ ಇನ್ನೊಂದು ಗುಟ್ಟಿದೆ. ಈ ಸಂಖ್ಯೆಗಳ ಮೂಲ ಲಾಯ್ಡ್ಸ್ ರಿಜಿಸ್ಟರ್ 1960ರ ದಶಕದಲ್ಲಿ ಕೊಡತೊಡಗಿದ ನಂಬರುಗಳು. ಆಗಲೇ ಓಡುತ್ತಿದ್ದ ಹಡಗುಗಳಿಗೆ ಹೆಸರಿನ ಅಕಾರಾದಿಯಲ್ಲಿ 5ರಿಂದ ಶುರುವಾಗುವ ನಂಬರು ಹಂಚಿದರು. ‘ಫ್ರಾನ್ಸ್’ ಹಡಗಿನದು 511ರಿಂದ, ‘ರೋಟರ್‌ಡ್ಯಾಮ್’ನದು 530ರಿಂದ, ‘ಯುನೈಟೆಡ್ ಸ್ಟೇಟ್ಸ್’ನದು 537ರಿಂದ ಶುರು. ರೋಮನ್ ಅಕ್ಷರಮಾಲೆಯಲ್ಲಿ ‘ಯು’ ಆದ ಮೇಲೆ ‘ವಿ’. ಆಗ ‘ಫೋಲ್ಕರ್‌ಫ್ರಾಯಿಂಡ್‌ಶಾಫ್ಟ್’ ಆಗಿದ್ದ ನಮ್ಮ ಹಡಗಿನದು 538.

‘ಗೆಳೆತನ’ವನ್ನು 1985ರಲ್ಲೇ ಅಳಿಸಿದರು. ಆ ಹೆಸರಿಟ್ಟ ದೇಶ 1990ರಲ್ಲಿ ನಕಾಶೆಯಿಂದ ಹೋಯಿತು. ಆದರೆ ವಾಲ್ಟುರ್, ಕರೀಬೆ, ಅಥೀನಾ, ಆಸ್ಟೋರಿಯಾ ಎಂದು ಯಾವ ಬಣ್ಣ ಬಳಿದರೂ, ಗೆಂಟ್‌ನ ಗುಜರಿ ಕಟ್ಟೆಯವರೆಗೂ ಹಡಗು ಆ ಹೆಸರಿನ ಮೊದಲಕ್ಷರವನ್ನು ಅಂಕಿಯಾಗಿ ಹೊತ್ತುಕೊಂಡೇ ಹೋಯಿತು.