ಬೆಂಡು ಮತ್ತು ಸಾಲ್ಮನ್ ಮೀನು

ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕಿದವರಿಗೆಲ್ಲ ಬೆಂಡಿನ ಪರಿಚಯ ಉಂಟು. ಬೆಂಡು ಮುಳುಗಿದರೆ ಮೀನು ಕಚ್ಚಿತೆಂದು ತಿಳಿಯಬೇಕು. ನಿಂತ ನೀರಿನಲ್ಲಿ ಅದರ ಕೆಲಸ ಅಷ್ಟೇ. ಆದರೆ ಪಶ್ಚಿಮ ಕೆನಡದ ಫ್ರೇಸರ್ ನದಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಸಾಲ್ಮನ್ ಮೀನಿಗೆ ಗಾಳ ಹಾಕುವವರು ಇದೇ ಬೆಂಡಿನಿಂದ ಇನ್ನೊಂದು ಕೆಲಸವನ್ನು ಮಾಡಿಸುತ್ತಾರೆ.

ಮೊದಲು ಮೀನಿನ ವಿಷಯ. ಪೆಸಿಫಿಕ್ ಸಾಗರದ ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಸಾಮಾನ್ಯವಾಗಿ ತಾನು ಹುಟ್ಟಿದ ಹೊಳೆಗೇ ಮರಳುತ್ತದೆ. ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ರಾಕಿ ಪರ್ವತಗಳಿಂದ ಸುಮಾರು 1,370 ಕಿಲೋಮೀಟರ್ ಹರಿದು ವ್ಯಾಂಕೂವರ್ ನಗರದ ಬಳಿ ಕಡಲು ಸೇರುವ ಫ್ರೇಸರ್ ನದಿ ಈ ಪ್ರಯಾಣದ ಹೆದ್ದಾರಿ. ಸಿಹಿನೀರನ್ನು ಹೊಕ್ಕ ಮೇಲೆ ಮೀನು ಬಹುಮಟ್ಟಿಗೆ ಆಹಾರವನ್ನೇ ಬಿಡುತ್ತದೆ. ಹಾಗಾದರೆ ಹಸಿವಿಲ್ಲದ ಮೀನು ಗಾಳವನ್ನು ಏಕೆ ಕಚ್ಚಬೇಕು? ಹಳೆಯ ಅಭ್ಯಾಸಬಲವೆನ್ನುವವರುಂಟು, ಸಿಟ್ಟೆನ್ನುವವರುಂಟು, ಬಲ್ಲವರಲ್ಲಿಯೇ ಒಮ್ಮತವಿಲ್ಲ. ಎರೆಯಾಗಿ ಬಹಳವಾಗಿ ಬಳಸುವುದಂತೂ ಸಾಲ್ಮನ್ನಿನದೇ ಮೊಟ್ಟೆಗಳನ್ನು! ಆ ಮೊಟ್ಟೆಯ ಗೊಂಚಲು ಹೊಳೆಯಲ್ಲಿ ತಾನಾಗಿ ತೇಲಿಬಂದಂತೆ ಮೀನಿನ ಮೂತಿಯ ಮುಂದೆ ಬರಬೇಕು.

ತೊಡಕು ಇರುವುದು ಇಲ್ಲಿಯೇ. ನದಿಯ ನೀರೆಲ್ಲ ಒಂದೇ ವೇಗದಲ್ಲಿ ಹರಿಯುವುದಿಲ್ಲ. ತಳದ ಕಲ್ಲುಗಳ ಘರ್ಷಣೆಯಿಂದ ಅಡಿಯ ನೀರು ನಿಧಾನ, ಮೇಲಿನ ನೀರು ಚುರುಕು. ಮೀನು ಅಡಿಯಲ್ಲಿ, ಬೆಂಡು ಮೇಲೆ. ಬೆಂಡನ್ನು ಅದರ ಪಾಡಿಗೆ ಬಿಟ್ಟರೆ ಅದು ಮುಂದೋಡಿ ಎರೆಯನ್ನೂ ಎಳೆದೊಯ್ಯುತ್ತದೆ. ಆದ್ದರಿಂದ ದಾರವನ್ನು ಮೆಲ್ಲಗೆ ತಡೆಯುತ್ತ, ಬೆಂಡು ಅಡಿಯ ನೀರಿನ ವೇಗದಲ್ಲಿಯೇ ಸಾಗುವಂತೆ ನೋಡಿಕೊಳ್ಳಬೇಕು. ಇದಕ್ಕೆಂದೇ ಕೆಲವರು ಅಚ್ಚಿನ ಮೇಲೆ ಸಲೀಸಾಗಿ ತಿರುಗುವ ರಾಟೆಯನ್ನು ಕೋಲಿಗೆ ಕಟ್ಟುತ್ತಾರೆ. ಸೆಳವೇ ದಾರವನ್ನು ಬಿಚ್ಚಿಕೊಳ್ಳುತ್ತದೆ, ಹೆಬ್ಬೆರಳೇ ಬ್ರೇಕು. ಬೆಂಡಿನ ತಲೆ ಹರಿವಿನ ಕಡೆಗೆ ಬಾಗಿದರೆ ಕೆಳಗೆ ಸೀಸದ ಗುಂಡು ನೆಲಕ್ಕೆ ತಾಗುತ್ತಿದೆ ಎಂದು ಅರ್ಥ. ಹಿಂದಕ್ಕೆ ಬಾಗಿದರೆ ದಾರವನ್ನು ಅತಿಯಾಗಿ ಹಿಡಿದಿದ್ದೇವೆ. ಕಾಣದ ತಳದ ಸುದ್ದಿಯನ್ನು ಕಾಣುವ ಬೆಂಡು ಹೇಳುವ ಈ ಬಗೆ ನನಗೆ ಬಹಳ ಹಿಡಿಸಿತು.

ಹೊಳೆ ದೊಡ್ಡದಾದಷ್ಟೂ ಕಷ್ಟ ಹೆಚ್ಚು. ನೀರು ಕೋಲಿನ ಉದ್ದಕ್ಕಿಂತ ಆಳವಾದರೆ ಬೆಂಡನ್ನು ಬಿಗಿಯಾಗಿ ಕಟ್ಟಿ ಎಸೆಯಲಾಗದು. ಅದಕ್ಕೆ ಬೆಂಡನ್ನು ದಾರದ ಮೇಲೆ ಜಾರುವಂತೆ ಪೋಣಿಸಿ, ಬೇಕಾದ ಆಳಕ್ಕೆ ಒಂದು ಸಣ್ಣ ಗಂಟು ಹಾಕುತ್ತಾರೆ. ದೂರ ಎಸೆದ ದಾರ ಸೆಳವಿಗೆ ಬಿಲ್ಲಿನಂತೆ ಬಾಗಿ ಬೆಂಡನ್ನು ಎಳೆಯುತ್ತದೆ. ಉದ್ದ ಕೋಲಿನಿಂದ ಅದನ್ನು ಎತ್ತಿ ಮತ್ತೆ ಮತ್ತೆ ಮೇಲ್ಹೊಳೆಯ ಕಡೆಗೆ ಇಡಬೇಕಾಗುತ್ತದೆ.

ಇಷ್ಟು ಜಾಣತನಕ್ಕೆ ಮೀನು ಉಳಿದಿರಬೇಕಷ್ಟೆ. 1914ರಲ್ಲಿ ರೈಲುದಾರಿಯ ಕೆಲಸದಿಂದ ಬಂಡೆಗಳು ಉರುಳಿ ಹೆಲ್ಸ್ ಗೇಟ್ ಎಂಬ ಇಕ್ಕಟ್ಟಿನಲ್ಲಿ ಫ್ರೇಸರ್ ಸಾಲ್ಮನ್ನಿನ ದಾರಿ ಕಟ್ಟಿತು. ಮೀನು ಹತ್ತಲು ಕಾಲುವೆಗಳು ಸಿದ್ಧವಾದದ್ದು 1940ರ ದಶಕದಲ್ಲಿ. 2019ರಲ್ಲಿ ಬಿಗ್ ಬಾರ್ ಎಂಬಲ್ಲಿ ಮತ್ತೊಂದು ಭೂಕುಸಿತ ಬೆಳಕಿಗೆ ಬಂದಿತು. ಮೀನು ಕಡಿಮೆಯಾದಾಗ ಸರ್ಕಾರ ಗಾಳವನ್ನೇ ನಿಷೇಧಿಸುವುದುಂಟು. ಹಿಮ್ಮುಳ್ಳುಳ್ಳ ಕೊಕ್ಕೆ ಅಲ್ಲಿ ಕೂಡದು. ಕೋಹೋ ಎಂಬ ಜಾತಿಯಲ್ಲಿ, ಸಾಕಣೆಯ ಕೇಂದ್ರದವರು ಗುರುತಿಗಾಗಿ ಬೆನ್ನಿನ ಹಿಂಭಾಗದ ಚಿಕ್ಕ ರೆಕ್ಕೆಯನ್ನು ಕತ್ತರಿಸಿ ಬಿಟ್ಟ ಮೀನನ್ನು ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ಅದನ್ನು ಹೊಳೆಯಲ್ಲಿಯೇ ಹುಟ್ಟಿದ್ದೆಂದು ಎಣಿಸುತ್ತಾರೆ. ಸಾಮಾನ್ಯವಾಗಿ ಅದನ್ನು ನೀರಿನಿಂದ ಎತ್ತದೆ ಕೊಕ್ಕೆ ಬಿಡಿಸಿ ಬಿಟ್ಟುಬಿಡಬೇಕು. ಅದಕ್ಕಿನ್ನೂ ಮೇಲೆ ಹೋಗಿ ಮೊಟ್ಟೆಯಿಡುವ ಕೆಲಸವಿದೆ.