ನೀರಿನ ಟ್ಯಾಂಕರ್ ಟ್ರೇಲರ್: ಸ್ಪ್ರಿಂಗ್ ಪಟ್ಟಿಗಳ ನಿರ್ವಹಣೆ ಮತ್ತು ಬದಲಾವಣೆ

ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದ ಗ್ರಾಮಗಳಿಗೆ ಟ್ರ್ಯಾಕ್ಟರ್ ಎಳೆಯುವ ಟ್ಯಾಂಕರ್‌ನ ನೀರೇ ಆಧಾರ. ಅದು ಕೆಟ್ಟು ನಿಂತರೆ ನೀರು ಸರಬರಾಜು ಸ್ಥಗಿತಗೊಳ್ಳುತ್ತದೆ; ದಾರಿಯಲ್ಲಿ ಮಗುಚಿದರೆ ಪ್ರಾಣಹಾನಿಯೂ ಸಂಭವಿಸಬಹುದು. ಆದುದರಿಂದ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳ ಸ್ಥಿತಿಗತಿಯನ್ನು ಗ್ರಾಮ ಪಂಚಾಯತಿ ಸದಸ್ಯರು ಅರಿತಿರುವುದು ಅವಶ್ಯಕ.

ಪಟ್ಟಿಗಳ ಮೇಲಿನ ಭಾರ
ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. 5,000 ಲೀಟರ್ ಟ್ಯಾಂಕರ್ ತುಂಬಿದಾಗ ನೀರಿನ ಭಾರವೇ 5 ಟನ್. ತೊಟ್ಟಿ ಹಾಗೂ ಚೌಕಟ್ಟಿನ ತೂಕ ಪ್ರತ್ಯೇಕ. ಅರ್ಧ ತುಂಬಿದ ತೊಟ್ಟಿಯೂ ನಿರಪಾಯಕಾರಿಯಲ್ಲ. ತಿರುವಿನಲ್ಲಿ ನೀರು ಒಂದೇ ಬದಿಗೆ ನುಗ್ಗುವುದರಿಂದ ಆ ಬದಿಯ ಪಟ್ಟಿಗಳ ಮೇಲೆ ಹೆಚ್ಚಿನ ಒತ್ತಡ ಬೀಳುತ್ತದೆ.

ಪರಿಶೀಲಿಸಬೇಕಾದ ಅಂಶಗಳು
1. ಸಮತಟ್ಟಾದ ನೆಲದಲ್ಲಿ ಖಾಲಿ ಟ್ಯಾಂಕರ್ ಒಂದು ಬದಿಗೆ ವಾಲಿದ್ದರೆ ಆ ಬದಿಯ ಪಟ್ಟಿ ಮುರಿದಿರುವ ಅಥವಾ ಬಾಗು ಕಳೆದುಕೊಂಡಿರುವ ಸಂಭವವಿದೆ.
2. ಪಟ್ಟಿಗೆ ಅಡ್ಡಲಾಗಿ ಕಾಣುವ ತುಕ್ಕಿನ ಗೆರೆ ಬಿರುಕಿನ ಸೂಚನೆಯಾಗಿರಬಹುದು.
3. ಪಟ್ಟಿಗಳನ್ನು ಅಚ್ಚಿಗೆ ಬಿಗಿಯುವ ಯು-ಬೋಲ್ಟ್ ಸಡಿಲಗೊಂಡರೆ ನಡುವಿನ ಬೋಲ್ಟ್ ತುಂಡಾಗಿ ಅಚ್ಚು ಸ್ಥಾನ ತಪ್ಪುತ್ತದೆ. ಟೈರುಗಳು ಅಸಮವಾಗಿ ಸವೆಯುತ್ತವೆ.
4. ಪಟ್ಟಿಯ ತುದಿಯ ಪಿನ್ನು ಮತ್ತು ಬುಷ್‌ಗಳು ಸವೆದಿಲ್ಲವೆಂದು ನೋಡಿ, ಗ್ರೀಸ್ ಹಾಕುವ ವ್ಯವಸ್ಥೆಯಿದ್ದಲ್ಲಿ ನಿಯಮಿತವಾಗಿ ಹಾಕಿಸತಕ್ಕದ್ದು.

ಬದಲಾವಣೆಯ ಕ್ರಮ
ಮುರಿದ ಪಟ್ಟಿಗೆ ವೆಲ್ಡಿಂಗ್ ಮಾಡಿಸಕೂಡದು. ಬೆಂಕಿಯ ಕಾವಿಗೆ ಉಕ್ಕಿನ ಹದ ಕೆಟ್ಟು, ಪಟ್ಟಿ ಅದೇ ಜಾಗದ ಸಮೀಪ ಮತ್ತೆ ಮುರಿಯುತ್ತದೆ. ಒಂದು ಬದಿಯ ಕಟ್ಟು ಬದಲಿಸುವಾಗ ಮತ್ತೊಂದು ಬದಿಯದನ್ನೂ ಬದಲಿಸುವುದು ಉತ್ತಮ. ಇಲ್ಲವಾದಲ್ಲಿ ಎರಡೂ ಬದಿಯ ಎತ್ತರ ಸಮನಾಗದು. ಯು-ಬೋಲ್ಟ್‌ಗಳು ಹೊಸದಾಗಿರಬೇಕು, ಭಾರ ಹೊತ್ತು ಕೆಲವು ಬಾರಿ ಓಡಿದ ನಂತರ ಅವುಗಳನ್ನು ಪುನಃ ಬಿಗಿಯಬೇಕು. ಕೆಲಸಕ್ಕೆ ಮುನ್ನ ತೊಟ್ಟಿಯನ್ನು ಖಾಲಿ ಮಾಡಿ, ಚಕ್ರಗಳಿಗೆ ಅಡೆ ಇಟ್ಟು, ಚೌಕಟ್ಟಿನ ಕೆಳಗೆ ಭದ್ರವಾದ ಆಧಾರ ಕೊಡತಕ್ಕದ್ದು. ಕೇವಲ ಜ್ಯಾಕ್‌ನ ಮೇಲೆ ನಿಂತ ಟ್ರೇಲರಿನ ಕೆಳಗೆ ಯಾರೂ ಹೋಗಬಾರದು.

ದಾಖಲೆ
ಬಿಲ್ಲಿನಲ್ಲಿ ‘ಸ್ಪ್ರಿಂಗ್ ದುರಸ್ತಿ’ ಎಂದಷ್ಟೇ ನಮೂದಿಸಿದರೆ ಸಾಲದು. ಬದಲಿಸಿದ ಪಟ್ಟಿ, ಬೋಲ್ಟ್ ಮತ್ತು ಬುಷ್‌ಗಳ ಸಂಖ್ಯೆ ಹಾಗೂ ದರ ಪ್ರತ್ಯೇಕವಾಗಿರಬೇಕು. ಕಳಚಿದ ಹಳೆಯ ಭಾಗಗಳನ್ನು ಪಂಚಾಯತಿಗೆ ಹಿಂಪಡೆದು ದಾಸ್ತಾನು ವಹಿಯಲ್ಲಿ ದಾಖಲಿಸಿದರೆ, ಕೆಲಸ ನಡೆದಿದೆಯೇ ಎಂಬುದನ್ನು ಸದಸ್ಯರು ಸ್ವತಃ ತಾಳೆ ನೋಡಬಹುದು. ಬೇಸಿಗೆಗೆ ಮುನ್ನ ನಡೆಯುವ ಸಾಮಾನ್ಯ ಸಭೆಯಲ್ಲಿಯೇ ಟ್ಯಾಂಕರ್ ತಪಾಸಣೆಯ ವಿಷಯವನ್ನು ಮಂಡಿಸುವುದು ಸೂಕ್ತ.